ನಿಟ್ಟುಸಿರಿನ ಪರವಾಗಿ

ನಮ್ಮ ಮನೆಯಲ್ಲಿ ನಿಟ್ಟುಸಿರು ಬಿಡುವ ಹಾಗಿರಲಿಲ್ಲ. ಅದರಲ್ಲೂ ದೀಪ ಹಚ್ಚುವ ಹೊತ್ತಿನಲ್ಲಿ ಯಾರಾದರೂ ‘ಉಸ್ಸಪ್ಪಾ’ ಎಂದರೆ ಮುಗಿಯಿತು. “ಏನಾಗಿದೆ ನಿಂಗೆ? ಉಣ್ಣೋಕೆ ಕಮ್ಮಿಯಾ, ಉಡೋಕೆ ಕಮ್ಮಿಯಾ?” ಎಂದು ಅಜ್ಜಿ ಸಿಡುಕುತ್ತಿದ್ದಳು. ಗೊಣಗುವವರ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂಬುದು ಅವಳ ಲೆಕ್ಕ. ಶರೀರಶಾಸ್ತ್ರದ ಲೆಕ್ಕ ಬೇರೆ. ಅದರ ಪ್ರಕಾರ ಅಜ್ಜಿಯೂ ಸೇರಿದಂತೆ ಎಲ್ಲರೂ ಗಂಟೆಗೆ ಹತ್ತು ಹನ್ನೆರಡು ಸಲ ನಿಟ್ಟುಸಿರು ಬಿಡುತ್ತಲೇ ಇರುತ್ತೇವೆ, ದುಃಖವಿರಲಿ ಇಲ್ಲದಿರಲಿ. ಹೆಚ್ಚಿನವು ನಮ್ಮ ಗಮನಕ್ಕೇ ಬರುವುದಿಲ್ಲ.

ಶ್ವಾಸಕೋಶಕ್ಕೆ ಸ್ವಂತ ಬಲವಿಲ್ಲ. ವಪೆ ಕೆಳಗಿಳಿದು, ಪಕ್ಕೆಲುಬು ಮೇಲೆದ್ದು ಎದೆಗೂಡು ಹಿಗ್ಗಿದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ. ಸುಮ್ಮನೆ ಕೂತಿರುವಾಗ ಒಂದು ಉಸಿರಿಗೆ ಹೆಚ್ಚುಕಡಿಮೆ ಅರ್ಧ ಲೀಟರ್. ಅದರಲ್ಲೂ 150 ಮಿಲಿಲೀಟರಿನಷ್ಟು ಮೂಗು, ಗಂಟಲು, ನಾಳಗಳಲ್ಲೇ ಕಾಲಹರಣ ಮಾಡಿ ಬಂದ ದಾರಿಯಲ್ಲೇ ವಾಪಸ್ಸು. ಮಿಕ್ಕಿದ್ದು ಮಾತ್ರ ಗಾಳಿಗೂಡುಗಳನ್ನು ಮುಟ್ಟುತ್ತದೆ. ಈ ಗೂಡುಗಳು ಮೂವತ್ತು ಕೋಟಿಗೂ ಮಿಕ್ಕಿ ಇವೆ; ಒಂದೊಂದೂ ಮಿಲಿಮೀಟರಿನ ಕಾಲು ಭಾಗದಷ್ಟು. ಆಮ್ಲಜನಕ ರಕ್ತಕ್ಕೆ ಇಳಿಯುವುದು, ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೊರಬೀಳುವುದು ಇಲ್ಲೇ.

ತೊಂದರೆಯೆಂದರೆ ಗೂಡಿನ ಒಳಗೋಡೆ ಸದಾ ತೇವ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಹಾಗೆ ಮುದುಡಿ ಅಂಟಿಕೊಳ್ಳಲು ನೋಡುತ್ತದೆ. ಹಾಗಾಗದಂತೆ ಗೂಡೇ ಒಂದು ಜಿಡ್ಡನ್ನು ಒಸರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡುವುದು ಈ ಜಿಡ್ಡು ಸಾಲದೆ ಎಂದು 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ತೋರಿಸಿಕೊಟ್ಟರು. ಜಿಡ್ಡು ಬೇಕಾದಷ್ಟಿರುವ ನಮ್ಮಲ್ಲೂ ಆಗಾಗ ಕೆಲವು ಗೂಡುಗಳು ಮುಚ್ಚಿಹೋಗುತ್ತವೆ. ಸಾದಾ ಉಸಿರಿಗೆ ಅವು ಜಗ್ಗುವುದಿಲ್ಲ. ಎರಡುಪಟ್ಟು ಗಾಳಿಯ ಒಂದು ದೊಡ್ಡ ಉಸಿರು ಬಂದರೇ ತೆರೆಯುವುದು. ಅದೇ ನಿಟ್ಟುಸಿರು. ಕೃತಕ ಉಸಿರಾಟದ ಯಂತ್ರಗಳು ಒಂದೇ ಅಳತೆಯಲ್ಲಿ ಗಾಳಿ ನೂಕುತ್ತಿದ್ದಾಗ ರೋಗಿಗಳ ಶ್ವಾಸಕೋಶ ಅಲ್ಲಲ್ಲಿ ಕುಸಿಯತೊಡಗಿತ್ತು. ಕೊನೆಗೆ ಯಂತ್ರಕ್ಕೂ ನಿಟ್ಟುಸಿರು ಬಿಡುವುದನ್ನು ಕಲಿಸಬೇಕಾಯಿತು!

ಉಸಿರಿನ ತಾಳ ಹಿಡಿಯುವ ನರಕೋಶಗಳ ಗುಂಪು ಮಿದುಳಕಾಂಡದಲ್ಲಿದೆ. ಹೆಸರು ಪ್ರಿಬಾಟ್ಸಿಂಗರ್. ಯಾರೋ ಜರ್ಮನ್ ಪಂಡಿತನ ಹೆಸರಿರಬೇಕು ಅಂದುಕೊಂಡೀರಿ. ಜ್ಯಾಕ್ ಫೆಲ್ಡ್‌ಮನ್ ಎಂಬ ವಿಜ್ಞಾನಿ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿ ನೋಡಿ ಇಟ್ಟದ್ದು ಅದು. ನಿಟ್ಟುಸಿರು ಬಿಡು ಎಂದು ಆ ಗುಂಪಿಗೆ ಸಂದೇಶ ಕಳಿಸುವ ಕೋಶಗಳನ್ನು ಇಲಿಗಳಲ್ಲಿ ಗುರುತಿಸಿ 2016ರಲ್ಲಿ ಪ್ರಕಟಿಸಿದವರಲ್ಲೂ ಅವರಿದ್ದರು.

ಇದೆಲ್ಲ ನನಗೆ ಮನದಟ್ಟಾದದ್ದು ಮಾವನ ಹೃದಯದ ಆಪರೇಷನ್ ಆದಾಗ. ಎದೆಯ ಹೊಲಿಗೆ ಎಳೆಯುವ ನೋವಿಗೆ ಅವರು ತುಣುಕು ತುಣುಕಾಗಿ ಉಸಿರಾಡುತ್ತಿದ್ದರು. ದೊಡ್ಡ ಉಸಿರಿನ ಸುದ್ದಿಯೇ ಇಲ್ಲ. ನರ್ಸಮ್ಮ ಮೂರು ಚೆಂಡುಗಳ ಡಬ್ಬಿಯೊಂದನ್ನು ಕೈಗಿಟ್ಟರು. ಮಾವ ಕೊಳವೆ ಬಾಯಿಗಿಟ್ಟು ಬಲವಾಗಿ ಊದಿದರು. “ಊದಬೇಡಿ ತಾತಾ, ಎಳ್ಕೊಳ್ಳಿ, ಎಳೆದು ಹಿಡ್ಕೊಳ್ಳಿ.” ಮೊದಲ ಚೆಂಡು ತಟ್ಟನೆ ಎದ್ದಿತು, ಎರಡನೆಯದು ನಡುಗುತ್ತಾ ಅರ್ಧಕ್ಕೆ ಬಂದು ಬಿತ್ತು. ಪಕ್ಕದ ಮಂಚದವರದು ಎರಡೂ ಎದ್ದುದನ್ನು ನೋಡಿದ ಮೇಲೆ ಮಾವ ಊಟ ಬಿಟ್ಟರೂ ಡಬ್ಬಿ ಬಿಡಲಿಲ್ಲ. ಮನೆಗೆ ಬರುವಷ್ಟರಲ್ಲಿ ಎರಡನೆಯದೂ ಪಳಗಿತ್ತು. ಮೂರನೆಯದು ಮಾತ್ರ ಏಳಲೇ ಇಲ್ಲ. ಅದು ಡಬ್ಬಿಯದೇ ದೋಷ ಎಂದು ಇವತ್ತಿಗೂ ವಾದಿಸುತ್ತಾರೆ.