ರೋಲು ಮುಗಿಸಲಿಕ್ಕೆ

ಇವತ್ತು ಮುಂಜಾನೆ ನನ್ನ ಅಳಿಯ ನನ್ನ ಫೋಟೋ ತೆಗೆಯಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ತೆಗೆಯುತ್ತೇನೆಂದು ಹೇಳಿ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂಡಿಸಿದವನು ಅವನೇ. "ಮಾಮಾ, ಅಳ್ಳಾಡಬ್ಯಾಡ್ರಿ" ಎಂದ. ಚಹಾದ ಕಪ್ಪು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿಸಿದ. ಒಂದು ಕಣ್ಣು ಮುಚ್ಚಿ ಉಂಗುರ ಆ ಕಡೆ ಈ ಕಡೆ ತಿರುವಿದ. ಒಳಗೊಂದು ಮುಳ್ಳು ಇರುತ್ತದಂತೆ, ಅದು ನಡುವಿಗೆ ಬಂದು ನಿಲ್ಲಬೇಕಂತೆ. ಅದು ಬಂದು ನಿಲ್ಲುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಕ್ಯಾಮೆರಾ ಕೆಳಗಿಳಿಸಿ ಹೇಳುತ್ತಾನೆ: "ಬ್ಯಾಡ ಬಿಡ್ರಿ ಮಾಮಾ, ಇನ್ನ ಎಂಟ ಉಳದಾವು. ಸೊಗಲಕ್ಕ ಹೋದಾಗ ಬೇಕಾಗ್ತಾವು."

ಸೊಗಲದ ನೀರು ಮುಂದಿನ ವರ್ಷವೂ ಬೀಳುತ್ತದೆ. ನಾನು ಎಲ್ಲಿ ಬೀಳುತ್ತೇನೋ!

ಕ್ಯಾಮೆರಾ ಪೆಂಟಾಕ್ಸ್ ಕೆ1000. ಕಂಪನಿ ಅದನ್ನು 1976ರಲ್ಲಿ ತಂದು 1997ರಲ್ಲಿ ನಿಲ್ಲಿಸಿತು. ಹುಡುಗ ಹುಟ್ಟಿದ್ದು ಆಮೇಲೆ. ಬೆಳಕು ಅಳೆಯುವ ಆ ಮುಳ್ಳಿಗೆ ಮಾತ್ರ ಸೆಲ್ಲು ಬೇಕು, ಉಳಿದದ್ದೆಲ್ಲ ಹಲ್ಲು-ಚಕ್ರದ ಕೆಲಸ. ಬೆಂಗಳೂರಿನಲ್ಲಿ ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತು ಗಳಿಸಿದ್ದನ್ನು ತಂದು ಇದರ ಬಾಯಿಗೆ ಹಾಕುತ್ತಾನೆ. 36 ಫೋಟೋದ ಒಂದು ಬಣ್ಣದ ರೋಲಿಗೆ ಸಾವಿರದ ಮೇಲೆ, ತೊಳೆಸುವ ಖರ್ಚು ಬೇರೆ. ತೊಳೆದವರು ಅದನ್ನು ಸ್ಕ್ಯಾನ್ ಮಾಡಿ ಇವನ ಮೊಬೈಲಿಗೇ ಕಳಿಸುತ್ತಾರೆ. ಹಾಗಾದರೆ ಮೊಬೈಲಿನಲ್ಲೇ ಯಾಕೆ ತೆಗೆಯಬಾರದು ಎಂದು ನಾನು ಕೇಳುವುದಿಲ್ಲ. ಅವನ ಅವ್ವ ಕೇಳುತ್ತಾಳೆ, ದಿನಾ. ರೀಲಿನ ಬಣ್ಣವೇ ಬೇರೆ, ಆ ಕಾಳುಕಾಳಿನ ಚೆಂದವೇ ಬೇರೆ ಎನ್ನುತ್ತಾನೆ. ಇರಬಹುದು. 2024ರಲ್ಲಿ ಪೆಂಟಾಕ್ಸ್‌ನವರೇ ಹೊಸದೊಂದು ರೀಲಿನ ಕ್ಯಾಮೆರಾ ತಂದಿದ್ದಾರೆ, 36ರ ರೋಲಿನಲ್ಲಿ 72 ಬರುತ್ತವೆ. ಅದನ್ನಾದರೂ ಕೊಂಡಿದ್ದರೆ ನನಗೊಂದು ಸಿಗುತ್ತಿತ್ತು.

ಅವನ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಣಿಸಿ ತೆಗೆಯುವಾಗ ವಿಚಾರ ಮಾಡಿ ತೆಗೆಯುತ್ತೇವೆ, ಅದಕ್ಕೇ ಚಲೋ ಬರುತ್ತವೆ ಅಂತೆ. ವಿಚಾರ ಮಾಡಿ ತೆಗೆದ ಫೋಟೋಗಳು ನಮ್ಮ ಮನೆಯ ಟ್ರಂಕಿನ ತುಂಬ ಇವೆ. ಬಂದು ನೋಡಲಿ. ಮದುಮಗ, ಮದುಮಗಳು, ಬೀಗರು, ಬೀಗರ ಬೀಗರು, ಎಲ್ಲರೂ ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ನಿಂತಿದ್ದಾರೆ. ಸೆರಗು ಸರಿ, ಪಟಗ ಸರಿ, ಮೋರೆಯಲ್ಲಿ ಮಾತ್ರ ಮನುಷ್ಯ ಇಲ್ಲ.

ನಮ್ಮ ಕಾಕಾನ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್ 3, ಬಡೋದೆಯಲ್ಲಿ ತಯಾರಾದದ್ದು. ರೋಲಿಗೆ 12 ಫೋಟೋ. ಹಿಂದೆ ಸಣ್ಣ ಕೆಂಪು ಕಿಂಡಿ. ಕಿವಿ ತಿರುವಿದರೆ ಅದರೊಳಗೆ ಎಷ್ಟನೆಯದೆಂಬ ಅಂಕಿ ಬಂದು ಕೂಡುತ್ತಿತ್ತು. ರೋಲು ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನವರ 'ಇಂದು', ಸರಕಾರಿ ಕಾರ್ಖಾನೆಯ ಕಪ್ಪು-ಬಿಳುಪು. ಯುಗಾದಿಗೆ ತುಂಬಿದ್ದು ನಾಗರಪಂಚಮಿಯಾದರೂ ಮುಗಿಯುತ್ತಿರಲಿಲ್ಲ. ಮದುವೆ, ತೊಟ್ಟಿಲು, ಮಹಾಂತಜ್ಜನ ಮಠಕ್ಕೆ ಹೋದದ್ದು ಎಲ್ಲ ಸೇರಿ ಹತ್ತಾಗುತ್ತಿತ್ತು. ಉಳಿದೆರಡು ಮುಗಿಯದೆ ಬೈಲಹೊಂಗಲದ ಸ್ಟುಡಿಯೋಕ್ಕೆ ಕೊಡುವಂತಿಲ್ಲ. ಮದುಮಗಳ ತವರಿನಿಂದ ಹೇಳಿಕಳಿಸುತ್ತಿದ್ದರು, ಫೋಟೋ ಬಂದಾವೇನು? ಕಡೆಗೆ ಆಯಿ ಒಳಗಿನಿಂದ ಒದರುತ್ತಿದ್ದಳು: "ಅವೆರಡು ಏನರ ಹೊಡದು ಮುಗಸೋ ಮಾರಾಯಾ!"

ಕಾಕಾ ಏನಾದರೂ ಹೊಡೆದು ಮುಗಿಸುತ್ತಿದ್ದ. ಎದುರಿಗೆ ಬಂದದ್ದು ಪುಣ್ಯವಂತ.

ಹಾಗೆ ಬಂದ ಒಂದರಲ್ಲಿ ಚಿಗವ್ವ ಜೋಳ ಹಸನು ಮಾಡುತ್ತಿದ್ದಾಳೆ. ಮರ ಎತ್ತಿದ ಕೈ ಅಳ್ಳಾಡಿ ಮಸುಕಾಗಿದೆ, ಹೊಟ್ಟು ಗಾಳಿಯಲ್ಲೇ ನಿಂತಿದೆ. ಬೆನ್ನ ಹಿಂದಿನ ಗೋಡೆಯ ಮೇಲೆ ಇದ್ದಲಿಯಿಂದ ಬರೆದ ಹಾಲಿನ ಲೆಕ್ಕ: ನಾಲ್ಕು ಉದ್ದ ಗೆರೆ, ಮೇಲೊಂದು ಅಡ್ಡ ಗೆರೆ, ಮತ್ತೆ ನಾಲ್ಕು. ಮೂಲೆಯಲ್ಲಿ ಚಡ್ಡಿ ಇಲ್ಲದ ಒಂದು ಹುಡುಗ. ಅವನು ಯಾರೆಂಬುದು ಈ ಪ್ರಬಂಧಕ್ಕೆ ಬೇಕಿಲ್ಲ. ಆ ಗೋಡೆ ಈಗ ಇಲ್ಲ, ಆ ಎಮ್ಮೆ ಇಲ್ಲ, ಚಿಗವ್ವನೂ ಇಲ್ಲ. ಅದೇ ರೋಲಿನ ಮದುವೆ ಫೋಟೋದಲ್ಲಿ ಇದೇ ಚಿಗವ್ವ ಎಲ್ಲಿದ್ದಾಳೆಂದು ಬೆರಳಿಟ್ಟು ಹುಡುಕಬೇಕು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇಂಥ ದಿನನಿತ್ಯದ ಜನರನ್ನೇ ಬೆನ್ನುಹತ್ತಿ ತೆಗೆದರು, ಮಕ್ಕಳ ಚಿತ್ರಗಳಿಗಂತೂ ಜಗತ್ತೇ ಅವರನ್ನು ಕೊಂಡಾಡಿತು. ಅವರು ತಿಳಿದು ಮಾಡಿದ್ದನ್ನು ನಮ್ಮ ಕಾಕಾ ಬೇಸತ್ತು ಮಾಡಿದ, ಅಷ್ಟೇ. ಆದ್ದರಿಂದ ಸರಕಾರ ಒಂದು ಕಾಯ್ದೆ ತರಬೇಕು. ಹಳೇ ಕ್ಯಾಮೆರಾದ ಹುಚ್ಚಿರುವವರೆಲ್ಲ ರೋಲಿನ ಕಡೆಯ ಎರಡನ್ನು ಮನೆಯೊಳಗೇ, ಮುಳ್ಳು ನೋಡದೆ, ಎದುರಿಗಿದ್ದವರ ಮೇಲೆ ಹಾಳುಮಾಡತಕ್ಕದ್ದು. ತಪ್ಪಿದವರ ಕ್ಯಾಮೆರಾ ಜಪ್ತಿ. ಎದುರಿಗಿದ್ದವರಲ್ಲಿ ಸೋದರಮಾವನಿಗೆ ಮೊದಲ ಹಕ್ಕು.

ಇದನ್ನೆಲ್ಲ ಅಳಿಯನಿಗೆ ತೋರಿಸೋಣವೆಂದು ಟ್ರಂಕು ತೆಗೆದೆ. ಅವನ ಕಣ್ಣು ಬೇರೆ ಕಡೆಗೇ ಹೋಯಿತು: ತಳದಲ್ಲಿದ್ದ ಆಯಿಯ ದೊಡ್ಡ ಫೋಟೋಕ್ಕೆ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆಯಿ ಒಬ್ಬಳೇ ಎಂದೂ ಕೂತವಳಲ್ಲ. ತೀರಿಕೊಂಡ ಮೇಲೆ ಗೋಡೆಗೆ ಬೇಕಲ್ಲ! ಯಾವುದೋ ಗುಂಪಿನಿಂದ ಮೋರೆಯನ್ನಷ್ಟೇ ಬಿಡಿಸಿ ದೊಡ್ಡದು ಮಾಡಿಸಿದರು. ಸ್ಟುಡಿಯೋದವನು ಕುಂಚ ಹಿಡಿದು ಸೆರಗಿಗೆ ಅಂಚು ಬರೆದ, ಹಿಂದಿನವರನ್ನೆಲ್ಲ ಬೂದು ಬಣ್ಣದಲ್ಲಿ ಮುಳುಗಿಸಿದ. ಎಡ ಹೆಗಲ ಮೇಲಿನ ಒಂದು ಕೈ ಮಾತ್ರ ಅವನಿಂದ ಹೋಗಲಿಲ್ಲ. ಅದನ್ನೂ ಸೆರಗು ಮಾಡಲು ನೋಡಿದ್ದಾನೆ, ಬಳೆ ಅಡ್ಡ ಬಂದಿವೆ.

ಆ ಕೈ ತನ್ನದೆಂದು ದೊಡ್ಡತ್ತಿ ಹೇಳುತ್ತಾಳೆ, ತನ್ನದೆಂದು ಸಣ್ಣತ್ತಿ. ಅವ್ವನ ಹೆಗಲ ಮೇಲೆ ಕೈ ಇಟ್ಟವಳು ಯಾರೆಂಬ ಈ ವ್ಯಾಜ್ಯ ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ. ಅಳಿಯ ಬಿಸ್ಕೀಟಿನ ಡಬ್ಬಿಯಿಂದ ನೆಗೆಟಿವ್ ಹುಡುಕಿ ಕಿಟಕಿಗೆ ಹಿಡಿದ. ಬಿಳಿಯದೆಲ್ಲ ಕರಿ, ಕರಿಯದೆಲ್ಲ ಬಿಳಿ. ಮೋರೆ ಯಾರದ್ದೂ ಗುರುತು ಹತ್ತಲಿಲ್ಲ, ಬಳೆ ಆರು ಎಂದು ಎಣಿಸಿದ.

"ಆರ? ನಾ ಎಂದೂ ಡಜನ್ನಿನ ಕಡಿಮಿ ಇಟ್ಟಾಕಿ ಅಲ್ಲ," ಎಂದಳು ಸಣ್ಣತ್ತಿ, ತನ್ನ ಹಕ್ಕು ತಾನೇ ಕಳೆದುಕೊಳ್ಳುತ್ತಿದ್ದೇನೆಂಬ ಖಬರಿಲ್ಲದೆ. ದೊಡ್ಡತ್ತಿ ಕೈ ಮುಂದೆ ಚಾಚಿ, "ಎಣಸ್ಕೋ ಹಂಗಾರ" ಎಂದಳು. ಇದ್ದವು ನಾಲ್ಕು. ಉಳಿದೆರಡು ಗುಡ್ಡದ ಜಾತ್ರಿಯ ಗದ್ದಲದಾಗ ಒಡದಾವಂತೆ.