ನಗೆಯ ಬಾಕಿ

ಕಳೆದ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಕುರುಕ್ಷೇತ್ರವೇ ನಡೆದುಹೋಯಿತು. ಅದಕ್ಕೆ ಕಾರಣ ಆಸ್ತಿಯಲ್ಲ, ಅಡಿಗೆಯ ಉಪ್ಪೂ ಅಲ್ಲ. ನಲವತ್ತು ವರ್ಷಕ್ಕೂ ಮೀರಿದ ಒಂದು ನಗೆನಾಟಕ.

ಊಟ ಮುಗಿದಿತ್ತು. ಎಲೆಯಡಿಕೆಯ ತಟ್ಟೆ ನನ್ನ ಮುಂದೆ ಬಂದಿತ್ತು. ಮೊಮ್ಮಗನು ಎಲ್ಲಿಂದಲೋ ಹುಡುಕಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ಟೆಲಿವಿಷನ್ನಿನಲ್ಲಿ ಹಾಕಿದ. 1977ರಲ್ಲಿ ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ ಮೊದಲಾದ ಧಾರಾವಾಹಿ ಅದು. ಲಂಡನ್ನಿನ ಒಂದು ಸಂಜೆಯ ಶಾಲೆ. ಇಂಗ್ಲಿಷ್ ಕಲಿಯಲು ಬಂದ ನಾನಾ ದೇಶದ ಜನ. ಅವರ ನಡುವೆ ಸಿಕ್ಕಿಬಿದ್ದ ಒಬ್ಬ ಬಡಪಾಯಿ ಮೇಷ್ಟರು. ಮಾತಿಗೊಮ್ಮೆ ಕ್ಷಮೆ ಕೇಳುವ ಸರದಾರ, ಎಲ್ಲಕ್ಕೂ ಹಲ್ಲು ಕಿರಿಯುವ ಪಾಕಿಸ್ತಾನಿ, ತರಗತಿಯಲ್ಲಿ ಕುಳಿತು ಉಣ್ಣೆ ಹೆಣೆಯುವ ನಮ್ಮ ದೇಶದ ಹೆಂಗಸು, ಬಾಗಿ ಬಾಗಿ ನಮಸ್ಕರಿಸುವ ಜಪಾನಿ ಎಲ್ಲರೂ ಅಲ್ಲಿದ್ದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಮಗಳು ನಗಲಿಲ್ಲ.

“ಅಪ್ಪ, ಇದರಲ್ಲಿ ನಗುವಂಥದ್ದೇನಿದೆ? ಒಂದು ಜನಾಂಗವನ್ನೇ ಬೆಪ್ಪು ಮಾಡಿ ತೋರಿಸಿದ್ದಾರಲ್ಲ!” ಎಂದಳು.

“ಅದು ಹಾಸ್ಯ. ಎಲ್ಲರನ್ನೂ ಸಮನಾಗಿ ಗೇಲಿ ಮಾಡಿದ್ದಾರೆ. ಪಕ್ಷಪಾತವೆಲ್ಲಿ ಬಂತು?” ಎಂದು ಅಳಿಯಂದಿರು ವಾದಕ್ಕೆ ನಿಂತರು.

ಒಳಗಿನಿಂದ ನನ್ನವಳ ದನಿ ಕೇಳಿಸಿತು: “ಎಲ್ಲರನ್ನೂ ಎಲ್ಲಿ ಮಾಡಿದ್ದಾರೆ? ಇಂಗ್ಲಿಷರನ್ನು ಬಿಟ್ಟಿದ್ದಾರಲ್ಲ.”

ಇದಕ್ಕೆ ಅಳಿಯಂದಿರಲ್ಲಿ ಒಂದು ಉತ್ತರವಿತ್ತು. ಆ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಚಹದ ಹೆಂಗಸೂ ಇಂಗ್ಲಿಷರೇ, ಅವರೂ ನಗೆಗೀಡಾದವರೇ. ಅದು ನಿಜ. ಆದರೆ ನನ್ನವಳ ಮಾತಿನಲ್ಲಿಯೂ ತಿರುಳಿತ್ತು. ಮುಖ್ಯೋಪಾಧ್ಯಾಯಿನಿ ಸಿಡುಕಿಯೆಂದು ನಗುತ್ತೇವೆಯೇ ಹೊರತು ಇಂಗ್ಲಿಷಳೆಂದು ನಗುವುದಿಲ್ಲ. ಸರದಾರನನ್ನು ಕಂಡು ನಗುವುದು ಮಾತ್ರ ಅವನು ಸರದಾರನಾದ್ದರಿಂದಲೇ.

ತೀರ್ಪು ನನ್ನ ಪಾಲಿಗೆ ಬಂದಿತು. ನಾನು ತಾಂಬೂಲವನ್ನು ನೆಪ ಮಾಡಿಕೊಂಡು ಬಾಯಿ ತೆರೆಯಲಿಲ್ಲ. ನ್ಯಾಯಾಧೀಶನ ಪೀಠದಲ್ಲಿ ಕೂರಲು ನನಗೆ ಸಂಕೋಚವಾಯಿತು. ಇಂಥದೇ ಒಂದು ಮೊಕದ್ದಮೆಯಲ್ಲಿ ನಾನೂ ಆಪಾದಿತನೆಂಬುದು ಮನೆಯವರಾರಿಗೂ ತಿಳಿಯದು.

ನಾನು ಹುಟ್ಟಿ ಬೆಳೆದದ್ದು ರಾಮನಗರದಲ್ಲಿ. ಮುದುಕರು ಅದನ್ನು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದ ಕಾಲವದು. ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದದ್ದು ರೇಷ್ಮೆಗೂಡು ಬೇಯುವ ವಾಸನೆಯಿಂದ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದೇ ಊರಿನ ಉಸಿರು. ಪಕ್ಕದ ಮನೆ ಒಬ್ಬ ಸಾಹೇಬರದು. ಹಿತ್ತಲಲ್ಲಿ ನೂಲು ಬಿಚ್ಚುವ ಚರಕಗಳು ನಾಲ್ಕು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯುವ ಅವರ ಬೆರಳುಗಳನ್ನು ನೋಡುತ್ತ ಗಂಟೆಗಟ್ಟಲೆ ನಿಂತಿರುತ್ತಿದ್ದೆ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರ ಮಗ ನನ್ನ ಸಹಪಾಠಿ.

1974ನೆಯ ಇಸವಿ. ಊರಿನಲ್ಲಿ ಆಗ ಎಲ್ಲರ ಬಾಯಲ್ಲೂ ಸಿನಿಮಾದ ಮಾತು. ರಾಮದೇವರ ಬೆಟ್ಟದ ಬುಡದಲ್ಲಿ ‘ಶೋಲೆ’ಯ ಚಿತ್ರೀಕರಣ ಹಿಂದಿನ ವರ್ಷದಿಂದ ನಡೆದಿತ್ತು. ಬಂಡೆಗಳ ನಡುವೆ ಒಂದು ಹಳ್ಳಿಯೇ ಎದ್ದು ನಿಂತಿತ್ತು. ನಟನೆಯ ಹುಚ್ಚು ಶಾಲೆಯ ಹುಡುಗರಿಗೂ ತಗಲಿತು. ವಾರ್ಷಿಕೋತ್ಸವಕ್ಕೆ ನಾವೊಂದು ಹಾಸ್ಯ ನಾಟಕ ಆಡಿದೆವು. ಅದರಲ್ಲಿ ನನಗೆ ಸಿಕ್ಕಿದ್ದು ಗೂಡಿನ ವ್ಯಾಪಾರದ ಸಾಬರ ಪಾತ್ರ. ‘ನಮ್ದುಕೆ, ನಿಮ್ದುಕೆ’ ಎನ್ನುತ್ತ, ಬಂದವನನ್ನು ‘ಬಂದ್ಳು’ ಎನ್ನುತ್ತ, ತೂಕದಲ್ಲಿ ಮೋಸ ಮಾಡಲು ಹೋಗಿ ತಾನೇ ಮೋಸ ಹೋಗುವ ಪಾತ್ರವದು.

ಟೋಪಿ ಬೇಕಾಯಿತು. ಚಾಚಾ ಅವರ ಮನೆಗೆ ಓಡಿದೆ. “ನಾಟಕಕ್ಕೆ” ಎಂದೆನೇ ಹೊರತು ಎಂಥ ನಾಟಕವೆಂದು ಹೇಳಲಿಲ್ಲ. ಚಾಚಿ ಪೆಟ್ಟಿಗೆ ತೆಗೆದು, ಹಬ್ಬಕ್ಕೆಂದು ಇಟ್ಟಿದ್ದ ಮಗನ ಹೊಸ ಟೋಪಿಯನ್ನೇ ಕೊಟ್ಟರು.

ನಾನು ಬಾಯಿ ತೆರೆದೊಡನೆ ಸಭೆಯಲ್ಲಿ ನಗೆಯ ಅಲೆ ಎದ್ದಿತು. ನನ್ನ ತಂದೆ ಕಣ್ಣೀರು ಬರುವಷ್ಟು ನಕ್ಕರು. ಎರಡನೆಯ ಸಾಲಿನಲ್ಲಿ ಚಾಚಾ ಕುಳಿತಿದ್ದರು. ಅವರೂ ನಕ್ಕರು. ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, “ಚೆನ್ನಾಗಿ ಮಾಡ್ದೆ ಕಣಪ್ಪ, ಶಾಭಾಷ್” ಎಂದರು. ನನಗೆ ಇನ್ನೇನು ಬೇಕು? ಅವರೇ ನಕ್ಕ ಮೇಲೆ ಯಾರಿಗೆ ಏನು ನೋವು?

ಮಾರನೆಯ ದಿನದಿಂದ ಅವರ ಮಗನಿಗೆ ತರಗತಿಯಲ್ಲಿ ಹೊಸ ಹೆಸರು ಬಂದಿತು: ‘ನಮ್ದುಕೆ’. ಆ ಹುಡುಗನ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿತ್ತು. ಪಂಡಿತರು ಪದ್ಯ ಓದಿಸುವಾಗ ಮೊದಲು ಏಳಿಸುತ್ತಿದ್ದದ್ದು ಅವನನ್ನೇ. ಆ ವಾರ ಅವನು ಎದ್ದು ನಿಂತು ಪದ್ಯದ ಮೊದಲ ಸಾಲು ಓದಿದೊಡನೆ ಹಿಂದಿನ ಬೆಂಚಿನಿಂದ ಯಾರೋ “ನಮ್ದುಕೆ” ಎಂದರು. ತರಗತಿ ಗೊಳ್ಳೆಂದಿತು. ಅವನು ಗಂಟಲು ನೋವೆಂದು ಹೇಳಿ ಕುಳಿತುಬಿಟ್ಟ. ಆ ಗಂಟಲು ನೋವು ವರ್ಷ ಮುಗಿಯುವವರೆಗೂ ವಾಸಿಯಾಗಲಿಲ್ಲ. ನಾನು ಅದನ್ನು ಕಂಡೂ ಕಾಣದವನಂತೆ ಇದ್ದೆ.

ಕಾಲ ಕಳೆಯಿತು. ಎಂಬತ್ತರ ದಶಕದ ಮೊದಲಲ್ಲಿ ನಾನು ನೌಕರಿಗೆಂದು ಬೊಂಬಾಯಿಗೆ ಹೋದೆ. ಭಾನುವಾರ ಸಂಜೆ ದೂರದರ್ಶನದಲ್ಲಿ ಹಿಂದಿ ಚಿತ್ರ ಬರುತ್ತಿತ್ತು. ಬಾಡಿಗೆ ಮನೆಯ ಯಜಮಾನರ ಮನೆಯಲ್ಲಿ ವಠಾರವೆಲ್ಲ ಕೂಡುತ್ತಿತ್ತು. ಒಂದು ಸಂಜೆ 1968ರ ‘ಪಡೋಸನ್’ ಬಂದಿತು. ಮೆಹಮೂದರು ಅದರಲ್ಲಿ ದಕ್ಷಿಣದ ಸಂಗೀತದ ಮೇಷ್ಟರು. ಜುಟ್ಟು, ವಿಭೂತಿ, ತಿರುಚಿದ ಹಿಂದಿ, ಕುಣಿಯುವ ಹುಬ್ಬು. ವಠಾರವೆಲ್ಲ ನೆಲಕ್ಕೆ ಉರುಳಿ ನಗುತ್ತಿತ್ತು. ಯಜಮಾನರ ಚಿಕ್ಕ ಹುಡುಗ ನನ್ನತ್ತ ತಿರುಗಿ, “ಅಂಕಲ್, ನೀವೂ ಹಾಗೆ ಮಾತಾಡಿ ತೋರಿಸಿ” ಎಂದ. ಇಪ್ಪತ್ತು ಜೊತೆ ಕಣ್ಣುಗಳು ನನ್ನ ಮೇಲೆ ಬಿದ್ದವು.

ನಾನು ನಕ್ಕೆ.

ನಗುತ್ತಿದ್ದಂತೆಯೇ ಆ ನಗೆಯ ಗುರುತು ನನಗೆ ಸಿಕ್ಕಿತು. ಅದು ಸಂತೋಷದ ನಗೆಯಲ್ಲ. ಎಲ್ಲರ ನಡುವೆ ಒಬ್ಬನೇ ಮುಖ ಗಂಟು ಹಾಕಿಕೊಂಡು ಕೂರಲಾರದವನ ನಗೆ. ನಾಳೆಯೂ ಅದೇ ವಠಾರದ ಕೊಳಾಯಿಯಲ್ಲಿ ನೀರು ಹಿಡಿಯಬೇಕಾದವನು ತೆರುವ ಸುಂಕ. ಎರಡನೆಯ ಸಾಲಿನಲ್ಲಿ ಕುಳಿತು ಚಾಚಾ ನಕ್ಕದ್ದು ಇದೇ ನಗೆಯಿರಬಹುದೇ? ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಆ ಚಿತ್ರದ ಕಥೆಯನ್ನೇ ನೋಡಿ. ಸಂಗೀತ ನಿಜವಾಗಿ ಬಲ್ಲವನು ಆ ಮೇಷ್ಟರು. ನಾಯಕನಿಗೆ ಸ್ವರಜ್ಞಾನವೇ ಇಲ್ಲ. ಗೆಳೆಯನೊಬ್ಬ ಮರೆಯಲ್ಲಿ ನಿಂತು ಹಾಡುತ್ತಾನೆ, ಈತ ಬಾಯಿ ಆಡಿಸುತ್ತಾನೆ. ಆದರೂ ಪಂದ್ಯದಲ್ಲಿ ಸೋಲುವವನು ವಿದ್ಯೆ ಬಲ್ಲವನೇ; ಮೆಚ್ಚುಗೆ ಪಡೆಯುವವನು ಮೋಸ ಮಾಡಿದವನು. ಇದನ್ನು ಯಾರೂ ಅನ್ಯಾಯವೆನ್ನಲಿಲ್ಲ. ಜುಟ್ಟಿನವನು ಸೋಲುವುದು ಲೋಕದ ಕ್ರಮವೆಂಬಂತೆ ನಕ್ಕೆವು. ಮೆಹಮೂದರು ಮಹಾನಟರು, ಅವರಲ್ಲಿ ದ್ವೇಷವಿತ್ತೆಂದು ನಾನು ಹೇಳಲಾರೆ. ಹದಿಹರೆಯದ ನನ್ನಲ್ಲಿಯೂ ದ್ವೇಷವಿರಲಿಲ್ಲ. ದ್ವೇಷವಿಲ್ಲದೆಯೂ ಗಾಯ ಮಾಡಬಹುದೆಂಬುದೇ ಇಲ್ಲಿಯ ತೊಡಕು.

“ಆಗಿನ ಕಾಲದಲ್ಲಿ ಇದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ಈಗಿನವರದು ಅತಿ ಸೂಕ್ಷ್ಮ” ಎಂದು ಹೇಳುವವರುಂಟು. ಇದು ಪೂರ್ಣ ನಿಜವಲ್ಲ. ಆ ಇಂಗ್ಲಿಷ್ ಧಾರಾವಾಹಿಯನ್ನು ಜನ ಮೆಚ್ಚಿ ನೋಡುತ್ತಿದ್ದಾಗಲೇ, 1979ರಲ್ಲಿ, ಮೂರು ಕಂತುಮಾಲೆಗಳ ಬಳಿಕ ಅದು ನಿಂತುಹೋಯಿತು. ಅದನ್ನು ತಯಾರಿಸುತ್ತಿದ್ದ ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ ಮೈಕೇಲ್ ಗ್ರೇಡರಿಗೆ ಅದರ ಅಚ್ಚೊತ್ತಿದ ಪಾತ್ರಗಳು ಅವಮಾನಕರವೆಂದು ತೋರಿದ್ದವು. ಅಂದೂ ಕೆಲವರಿಗೆ ತಿಳಿದಿತ್ತು. ನೋವುಂಡವರಿಗಂತೂ ಎಂದೆಂದೂ ತಿಳಿದೇ ಇತ್ತು. ಅವರ ಕೈಗೆ ಧ್ವನಿವರ್ಧಕ ಸಿಕ್ಕಿರಲಿಲ್ಲ, ಅಷ್ಟೆ.

ಅಮೆರಿಕದ ‘ದಿ ಸಿಂಪ್ಸನ್ಸ್’ ಎಂಬ ಚಿತ್ರಮಾಲೆಯಲ್ಲಿ ಅಪು ಎಂಬ ಭಾರತೀಯ ಅಂಗಡಿಕಾರನಿದ್ದಾನೆ. 1990ರಿಂದ ಅವನಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟರು. ಆ ಧ್ವನಿಯನ್ನು ಅಣಕಿಸಿ ಶಾಲೆಗಳಲ್ಲಿ ನಮ್ಮವರ ಮಕ್ಕಳನ್ನು ಗೇಲಿ ಮಾಡಿದ ಬಗೆಯನ್ನು ಕುರಿತು ಹರಿ ಕೊಂಡಬೋಲು ಎಂಬ ಹಾಸ್ಯಕಲಾವಿದರು 2017ರಲ್ಲಿ ಒಂದು ಸಾಕ್ಷ್ಯಚಿತ್ರ ತಯಾರಿಸಿದರು. 2020ರಲ್ಲಿ ಅಜೇರಿಯಾ ಆ ಪಾತ್ರವನ್ನು ಬಿಟ್ಟರು. ಮರುವರ್ಷ ಕ್ಷಮೆಯನ್ನೂ ಕೇಳಿದರು. ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಅಮೆರಿಕವಲ್ಲ; ರಾಮನಗರದ ಒಂದು ತರಗತಿ, ಗಂಟಲು ನೋವೆಂದು ಕುಳಿತ ಒಬ್ಬ ಹುಡುಗ.

ಹಾಗಾದರೆ ನಗುವುದನ್ನೇ ಬಿಡಬೇಕೆ? ಹಾಗೆಂದರೆ ನಮ್ಮ ಕೈಲಾಸಂ ಅವರನ್ನು ಎಲ್ಲಿಡುವುದು? ಅವರ ಅರೆ ಇಂಗ್ಲಿಷ್ ಅರೆ ಕನ್ನಡದ ಮಾತಿಗೆ ಹಳೆಯ ಮೈಸೂರಿನ ಮನೆಮನೆಯೂ ನಕ್ಕಿತು. ನಗೆಗೀಡಾದವರೇ ಮುಂದಿನ ಸಾಲಿನಲ್ಲಿ ಕುಳಿತು ನಕ್ಕರು. ಕೈಲಾಸಂ ಅವರ ಮನೆಮಾತು ತಮಿಳು! ಆದರೂ ಅವರು ನಮ್ಮ ಅಡಿಗೆಮನೆಯ ಮಾತನ್ನೂ ಜಗಲಿಯ ಮಾತನ್ನೂ ಎಷ್ಟು ಕಿವಿಗೊಟ್ಟು ಕೇಳಿದ್ದರೆಂದರೆ, ಪಾತ್ರ ಬಾಯಿ ತೆರೆದೊಡನೆ ‘ಇದು ನಮ್ಮ ಮಾವನೇ’ ಎನ್ನಿಸುತ್ತಿತ್ತು. ನಗೆಯ ಜೊತೆಗೆ ಆ ಪಾತ್ರಕ್ಕೆ ಒಂದು ಸಂಸಾರ, ಒಂದು ಸಂಕಟವೂ ಇರುತ್ತಿದ್ದವು.

‘ಶೋಲೆ’ಯಲ್ಲಿಯೂ ಇಂಥದೊಂದು ತಕ್ಕಡಿಯಿದೆ. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದಲ್ಲಿ ಜಗದೀಪರ ಸೂರ್ಮಾ ಭೋಪಾಲಿ ನುಡಿಯ ರಾಗದಿಂದಲೇ ನಗಿಸುತ್ತಾನೆ. ಅದೇ ಚಿತ್ರದಲ್ಲಿ ಎ. ಕೆ. ಹಾನಗಲ್ಲರು ಅಭಿನಯಿಸಿದ ಕುರುಡು ಇಮಾಮರಿದ್ದಾರೆ. ಮಗನ ಶವದ ಮುಂದೆ ಅವರು ನಿಂತಾಗ ಚಿತ್ರಮಂದಿರವೇ ಉಸಿರು ಹಿಡಿಯುತ್ತದೆ. ಒಬ್ಬನನ್ನು ನೋಡಿ ನಕ್ಕವರು ಇನ್ನೊಬ್ಬರಿಗಾಗಿ ಅತ್ತರು. ಆದರೆ ಆ ಚಿತ್ರದಲ್ಲಿ ನಮ್ಮೂರಿನ ಬಂಡೆಗಳಿಗೆ ಪಾತ್ರ ದೊರೆಯಿತು, ನಮ್ಮೂರಿನ ಮಾತಿಗೆ ದೊರೆಯಲಿಲ್ಲ. ರಾಮನಗರ ಹಿಂದಿಯಾಡುವ ರಾಮಗಢವಾಯಿತು. ನಮ್ಮನ್ನು ನೋಡಿ ನಗಲೂ ಇಲ್ಲ, ಅಳಲೂ ಇಲ್ಲ ಎಂದು ಒಮ್ಮೊಮ್ಮೆ ತಮಾಷೆಗೆ ಹೇಳುತ್ತೇನೆ.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ನಾನು ಆ ಸಹಪಾಠಿಯನ್ನು ಹುಡುಕಿಕೊಂಡು ಹೋದೆ. ಚಾಚಾ ಕಾಲವಾಗಿ ಬಹಳ ವರ್ಷಗಳಾಗಿದ್ದವು. ಅವನ ಮಕ್ಕಳು ನೂಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಅವನು ಚಹ ತರಿಸಿದ. ಊರಿನ ಮಾತು, ಗೂಡಿನ ಧಾರಣೆಯ ಮಾತು, ಮಂಡಿನೋವಿನ ಮಾತು ಎಲ್ಲವೂ ಮುಗಿದ ಮೇಲೆ ನಾನು ಧೈರ್ಯ ಮಾಡಿ ಆ ನಾಟಕದ ಪ್ರಸ್ತಾಪ ತೆಗೆದೆ. ತಪ್ಪಾಯಿತೆಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಹೇಳಿದ: “ನೋಡಯ್ಯ, ನೀನು ನಮ್ಮಪ್ಪನ ಥರಾನೇ ಮಾತಾಡಿದ್ದಿದ್ರೆ ಮೊದಲು ನಗ್ತಿದ್ದವನು ನಾನೇ. ನಮ್ಮಪ್ಪನ್ನ ಅಣಕಿಸೋದಕ್ಕೆ ಎಷ್ಟು ಸಾಮಾನಿತ್ತು! ಮಾತಿಗೆ ಮುಂಚೆ ಕೆಮ್ಮೋದು, ಗೂಡು ಕಿವಿ ಹತ್ರ ಅಲ್ಲಾಡಿಸಿ ನೋಡೋದು. ಆದ್ರೆ ಅವರು ಯಾವತ್ತಾದ್ರೂ ‘ನಮ್ದುಕೆ’ ಅಂದಿದ್ರಾ? ಹೇಳು.”

ನಾನು ಹೇಳಲಾರದೆ ಹೋದೆ. ಅವರು ಮನೆಯಲ್ಲಿ ದಖನಿ ಆಡುತ್ತಿದ್ದರು. ನಮ್ಮೊಡನೆ ಆಡುತ್ತಿದ್ದದ್ದು ಅಚ್ಚ ರಾಮನಗರದ ಕನ್ನಡ. ಗೋಡೆಯ ಆಚೆಗೇ ಹತ್ತು ವರ್ಷ ಬದುಕಿದ ಮನುಷ್ಯನ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಬೇರೆ ನಾಟಕಗಳಲ್ಲಿ ಕೇಳಿದ್ದ ಸಾಬರನ್ನು ತಂದು, ಅವರ ಮನೆಯ ಟೋಪಿಯನ್ನೇ ಆ ಸುಳ್ಳು ತಲೆಗೆ ಇಟ್ಟಿದ್ದೆ.

“ಅದಿರ್ಲಿ, ಆ ಟೋಪಿ ನೀನು ವಾಪಸ್ ಕೊಡಲೇ ಇಲ್ಲ ಕಣೋ. ಆ ಸಲ ಹಬ್ಬಕ್ಕೆ ಹಳೇದೇ ಹಾಕ್ಕೊಂಡು ಹೋದೆ” ಎಂದು ಅವನು ನಕ್ಕ. ಈ ಸಲದ ನಗೆಯಲ್ಲಿ ಸುಂಕವಿರಲಿಲ್ಲ. ನಾನೂ ನಕ್ಕೆ. ನಗುತ್ತ ನಗುತ್ತ ಕಣ್ಣೊರೆಸಿಕೊಂಡೆ.

ಅಂದಿನಿಂದ ನನ್ನ ಅಳತೆಗೋಲು ಇದು. ಕಿವಿಗೊಟ್ಟು ಕೇಳಿದವನ ಹಾಸ್ಯ ಒಂದು. ಕೇಳದೆಯೇ ಅಚ್ಚು ತೆಗೆದವನ ಹಾಸ್ಯ ಇನ್ನೊಂದು. ಮೊದಲನೆಯದು ನೆರೆಯವನನ್ನು ಹತ್ತಿರ ತರುತ್ತದೆ. ಎರಡನೆಯದು ಅವನ ಬಾಯಿ ಮುಚ್ಚಿಸುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ತೆರೆ ಬಿದ್ದ ಮೇಲೆ, ಮಾರನೆಯ ಬೆಳಿಗ್ಗೆ, ಈ ನಗೆಯ ಬೆಲೆಯನ್ನು ಯಾರು ತೆರುತ್ತಾರೆ? 1993ರಲ್ಲಿ ದೂರದರ್ಶನವು ಅದೇ ಇಂಗ್ಲಿಷ್ ಧಾರಾವಾಹಿಯ ಮಾದರಿಯಲ್ಲಿ ‘ಜಬಾನ್ ಸಂಭಾಲ್‌ಕೆ’ ಎಂಬ ಹಿಂದಿ ಧಾರಾವಾಹಿಯನ್ನು ತೋರಿಸಿತು. ಅಲ್ಲಿ ತಪ್ಪು ತಪ್ಪಾಗಿ ಹಿಂದಿ ಕಲಿಯುವವರ ಸಾಲಿನಲ್ಲಿ ಟಾಮ್ ಆಲ್ಟರರು ಅಭಿನಯಿಸಿದ ಇಂಗ್ಲಿಷ್ ದೊರೆಯೂ ಇದ್ದ. ನಾವು ಅವನನ್ನು ನೋಡಿ ಮನಸಾರೆ ನಕ್ಕೆವು. ಆದರೆ ಮಾರನೆಯ ದಿನ ಶಾಲೆಯಲ್ಲಿ ಅದಕ್ಕಾಗಿ ತಲೆ ತಗ್ಗಿಸಬೇಕಾದ ಇಂಗ್ಲಿಷ್ ಬಾಲಕ ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ರಾತ್ರಿ ನಾನು ಮನೆಯವರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಹಳೆಯ ನಾಟಕಗಳನ್ನು ಸುಟ್ಟುಹಾಕಬೇಕೆಂದು ನಾನು ಹೇಳಲಿಲ್ಲ. ಅವುಗಳನ್ನು ನೋಡಬೇಕು, ಒಂದು ಕಣ್ಣನ್ನು ನಾಟಕದ ಮೇಲೂ ಇನ್ನೊಂದನ್ನು ಎರಡನೆಯ ಸಾಲಿನಲ್ಲಿ ಕುಳಿತವರ ಮೇಲೂ ಇಟ್ಟು ನೋಡಬೇಕು. ಮಗಳು ಮಾತಾಡಲಿಲ್ಲ. ಅಳಿಯಂದಿರೂ ಮಾತಾಡಲಿಲ್ಲ. ಮೊಮ್ಮಗ ಮಾತ್ರ ಕೇಳಿದ:

“ತಾತ, ಟೋಪಿ ವಾಪಸ್ ಕೊಟ್ಟೆಯಾ?”

ಮುಂದಿನ ಹಬ್ಬಕ್ಕೆ ಅವನನ್ನೂ ಕರೆದುಕೊಂಡು ಹೋಗುವವನಿದ್ದೇನೆ. ಹೊಸದೊಂದನ್ನು ಕೊಂಡು ತಂದು ಇಟ್ಟಿದ್ದೇನೆ.