ಉತ್ತರ ಗೊತ್ತಿದ್ದೂ ಕೇಳುವವರು

ಬೆಸಗರಹಳ್ಳಿಯ ಟೀ ಅಂಗಡಿಯಲ್ಲಿ ಗೊತ್ತಿಲ್ಲದವರು ಮಾತ್ರ ಕೇಳುತ್ತಾರೆ. ನಾಲೆಗೆ ನೀರು ಯಾವತ್ತು ಬಿಡ್ತಾರೆ, ಈ ಸಲದ ನೀರಿನ ಕಟ್ಟು ಎಷ್ಟು ದಿನದ್ದು, ರಾಮನಗರದಲ್ಲಿ ರೇಷ್ಮೆಗೂಡಿನ ರೇಟು ಎಷ್ಟಾಯ್ತು. ಉತ್ತರ ಕೈಯಲ್ಲಿಟ್ಟುಕೊಂಡು ಕೇಳುವುದು ಶಾಲೆಯಲ್ಲಿ ಮಾತ್ರ. ಇದೆಂಥ ಪದ್ಧತಿ?

*

ತಪ್ಪು. ಒಗಟು ಹಾಕುವ ಅಜ್ಜಿಗೂ ಉತ್ತರ ಗೊತ್ತಿರುತ್ತದೆ. ಆದರೂ ಮಕ್ಕಳು ಊಟ ಬಿಟ್ಟು ಕೂರುತ್ತವೆ. ಹಾಗಾದರೆ ದೋಷ ಗೊತ್ತಿರುವುದರಲ್ಲಿಲ್ಲ. ಒಗಟಿನ ಉತ್ತರ ಒಗಟಿನ ಮಾತಿನೊಳಗೆ ಸಿಗುವುದಿಲ್ಲ, ಹಿತ್ತಲು, ಒಲೆ, ಹೊಲ ಎಲ್ಲ ನೆನೆಯಬೇಕು. ಪಾಠದ ಕೊನೆಯ ‘ಒಂದು ವಾಕ್ಯದಲ್ಲಿ ಉತ್ತರಿಸಿ’ಗೆ ಪಾಠದ ಸಾಲೊಂದನ್ನು ಎತ್ತಿಟ್ಟರೆ ಆಯಿತು. ಪಕ್ಕದ ಮನೆ ಹುಡುಗ ಹಾಗೆಯೇ ಬರೆಯುತ್ತಾನೆ. ‘ಪಾಠ ಓದ್ದೇನ್ಲಾ?’ ಅಂದರೆ, ‘ಉತ್ರ ಸಿಕ್ತಲ್ಲ ತಾತ, ಇನ್ಯಾಕೆ?’ ಅಂತಾನೆ. ಅವನ ಲೆಕ್ಕ ಸರಿಯಾಗೇ ಇದೆ.

*

ಅಜ್ಜಿ ಕಾಯುತ್ತಾಳೆ ಕೂಡ. ‘ಸೋತೆ’ ಅನ್ನುವವರೆಗೆ ಬಾಯಿ ಬಿಡಳು. ಶಾಲೆಯಲ್ಲಿ ಹಾಗಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಖರ್ಚಿಲ್ಲದ ಸುಧಾರಣೆ. ಬಹುಶಃ ಅದಕ್ಕೇ ಯಾರೂ ಯೋಜನೆ ಮಾಡಿಲ್ಲ!

*

ಈ ಊರಿನ ಬೆಸಗರಹಳ್ಳಿ ರಾಮಣ್ಣ ಕತೆಗಾರರು, ವೃತ್ತಿಯಲ್ಲಿ ವೈದ್ಯರಾಗಿದ್ದರು. ವೈದ್ಯರು ಎಲ್ಲಿ ನೋವು, ಎಂದಿನಿಂದ, ಉಂಡ ಮೇಲೋ ಮೊದಲೋ ಎಂದು ಕೇಳುವಾಗ ಎರಡನೆಯ ಪ್ರಶ್ನೆ ಮೊದಲನೆಯ ಉತ್ತರದಿಂದ ಹುಟ್ಟುತ್ತದೆ. ಪಠ್ಯದಲ್ಲಿ ಐದನೆಯ ಪ್ರಶ್ನೆಗೂ ನಾಲ್ಕನೆಯದಕ್ಕೂ ನೆಂಟಸ್ತಿಕೆಯೇ ಇರುವುದಿಲ್ಲ.

*

ಒಂದು ಪ್ರಯೋಗ, ಕಾಗದದ ಮೇಲೆ. ‘ಕೃಷ್ಣರಾಜಸಾಗರ ಯಾವ ನದಿಗೆ ಅಡ್ಡಲಾಗಿದೆ?’ ಕಾವೇರಿ. ಮುಂದೆ ದಾರಿಯಿಲ್ಲ. ಬದಲಿಗೆ: ಜಲಾಶಯ 124.80 ಅಡಿ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೇ ಭಾಗದವರು ನೀರು ಬರಲಿಲ್ಲ ಎಂದು ರಸ್ತೆಗಿಳಿಯುವುದೇಕೆ? ನದಿ ಯಾವುದೆಂಬುದು ಇದರೊಳಗೇ ಬಂತು. ಜೊತೆಗೆ ಹೂಳು, ಸೋರಿಕೆ, ಮೇಲ್ಭಾಗದ ಭತ್ತ, ನಾಲೆಗಿಳಿಸಿದ ಪಂಪ್‌ಸೆಟ್ಟು, ತೂಬಿನ ಗೇಟು. ಹುಡುಗ ಭೂಗೋಳದಿಂದ ಗಣಿತಕ್ಕೆ, ಅಲ್ಲಿಂದ ನೀರಗಂಟಿ ಮನೆಗೆ ಹೋಗಬೇಕಾಗುತ್ತದೆ. ಪಾಠದ ತುದಿಯಲ್ಲಲ್ಲ, ಮೊದಲಿಗೇ ಇದನ್ನು ಕೇಳಿದರೆ ಪಾಠ ಓದಲು ಒಂದು ಕಾರಣವೂ ಸಿಗುತ್ತದೆ. ಹುಡುಗನಿಗೆ ತೋರಿಸಿದೆ. ‘ಇದು ಗೈಡಲ್ಲಿಲ್ಲ’ ಅಂದ. ಆಮೇಲೆ, ‘ಅಪ್ಪನ್ನ ಕೇಳದ್ರೆ ಒಂದು ಹೇಳ್ತಾರೆ, ದೊಡ್ಡಪ್ಪ ಇನ್ನೊಂದು ಹೇಳ್ತಾರೆ’ ಅಂದ.

*

ಮೇಷ್ಟ್ರುಗಳನ್ನು ಬೈಯುವುದು ಸುಲಭ. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಇದೆ: ಸ್ಮರಣೆಗೆ ಇಷ್ಟು, ತಿಳಿವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು ಅಂಕ. ಅಂದರೆ ಯೋಚಿಸುವ ಪ್ರಶ್ನೆಗೂ ಜಾಗ ಮೀಸಲು. ಆದರೆ ಆ ಜಾಗಕ್ಕೆ ಬರುವ ಪ್ರಶ್ನೆಯೂ ಮುಂದಿನ ವರ್ಷ ಗೈಡಿನಲ್ಲಿ ಕುಳಿತು ಬಾಯಿಪಾಠವಾಗುತ್ತದೆ. ಇನ್ನು ನಾಲೆಯ ಪ್ರಶ್ನೆಗೆ ಅಪ್ಪನೊಂದು, ದೊಡ್ಡಪ್ಪನೊಂದು ಉತ್ತರ ಹೇಳಿ, ಎರಡೂ ಸರಿಯಿದ್ದರೆ, ಮಾದರಿ ಉತ್ತರ ಹಿಡಿದು ಕಟ್ಟುಗಟ್ಟಲೆ ಪತ್ರಿಕೆ ತಿದ್ದುವವರು ಯಾವುದಕ್ಕೆ ಟಿಕ್ ಹಾಕಬೇಕು? ಪ್ರಶ್ನೆಗಿಂತ ಮೊದಲು ಅಂಕ ಕೊಡುವ ಬಗೆಯನ್ನೇ ಬದಲಿಸಬೇಕೇ? ನೀಲನಕ್ಷೆ ಮಾಡುವವರು ಸಿಕ್ಕಿದರೆ ಕೇಳಬೇಕು.